ಕೂಡಿದರೆ ಕಡಿಮೆಯಾಗುವ ತೂಕ!

ನಾಲ್ಕು ಬಂಗಾರದ ಗುಂಡು ಕರಗಿಸಿ ಒಂದು ಗಟ್ಟಿ ಮಾಡಿಸಿದರೆ ತೂಕ ಕೂಡಿಸಿದಷ್ಟೇ ಬರಬೇಕು. ಗುಲಗಂಜಿಯಷ್ಟು ಕಡಿಮೆ ಬಂದರೂ ‘ಎಲ್ಲಿ ಹೋತ್ರೀ?’ ಅಂತ ಸರಾಫ ಅಂಗಡಿಯಲ್ಲಿ ಜಗಳ ಶುರು. ಪರಮಾಣುವಿನ ಒಡಲಲ್ಲಿರುವ ಬೀಜದ ಮಾತೇ ಬೇರೆ. ಅಲ್ಲಿ ತೂಕ ಕಡಿಮೆಯಾಗುವುದೇ ಕಾಯಂ ನಿಯಮ.

ಕೇಂಬ್ರಿಜ್‌ನ ಫ್ರಾನ್ಸಿಸ್ ಆಸ್ಟನ್ 1920ರಲ್ಲಿ ಪರಮಾಣುಗಳನ್ನು ತೂಗಿದಾಗ ಇದು ಕಣ್ಣಿಗೆ ಬಿತ್ತು. ನಾಲ್ಕು ಹೈಡ್ರೋಜನ್ ಪರಮಾಣುಗಳಿಗಿಂತ ಒಂದು ಹೀಲಿಯಂ ಶೇ. 0.7ರಷ್ಟು ಹಗುರ. ಹೋದ ತೂಕವೇ ಸೂರ್ಯನ ಬೆಳಕಾಗಿರಬೇಕು ಎಂದು ಅದೇ ವರ್ಷ ಆರ್ಥರ್ ಎಡಿಂಗ್ಟನ್ ಊಹಿಸಿದರು. ಊಹೆ ನಿಜವಾಯಿತು. ಸೂರ್ಯ ಈಗಲೂ ಸೆಕೆಂಡಿಗೆ 40 ಲಕ್ಷ ಟನ್ನಿಗೂ ಹೆಚ್ಚು ಕಳಕೊಳ್ತಾ ಇದ್ದಾನೆ. ಗಾಬರಿ ಬೇಡ, ಇನ್ನೂ ಸುಮಾರು 500 ಕೋಟಿ ವರ್ಷಕ್ಕೆ ಸಾಕಾಗುವ ದಾಸ್ತಾನಿದೆ.

ಈಗಿನ ತಕ್ಕಡಿಗೆ ತಟ್ಟೆಯೇ ಇಲ್ಲ. ಜಿನೀವಾ ಬಳಿಯ ಸರ್ನ್ ಸಂಸ್ಥೆಯ ‘ಐಸೋಲ್‌ಟ್ರ್ಯಾಪ್’ ಯಂತ್ರದಲ್ಲಿ, ಒಂದು ಎಲೆಕ್ಟ್ರಾನ್ ಕಿತ್ತ ಪರಮಾಣುವನ್ನು ಬಲವಾದ ಅಯಸ್ಕಾಂತದೊಳಗೆ ಕೂಡಿಹಾಕುತ್ತಾರೆ. ಅದು ಗಾಣದೆತ್ತಿನಂತೆ ಸುತ್ತತೊಡಗುತ್ತದೆ. ಭಾರವಿದ್ದರೆ ನಿಧಾನ, ಹಗುರಿದ್ದರೆ ಚುರುಕು. ಸುತ್ತಿನ ಲೆಕ್ಕ ಸಿಕ್ಕರೆ ತೂಕ ಸಿಕ್ಕಂತೆ.

ಅಲ್ಲಿ ತೂಗಿದ್ದರಲ್ಲಿ ಸತು-82ರ ಕಥೆ ಸ್ವಾರಸ್ಯದ್ದು. ತಗಡಿಗೆ ಲೇಪಿಸುವ ಸತುವಿನ ಬಳಗವೇ. ಆದರೆ ನ್ಯೂಟ್ರಾನ್ ಹೊರೆ ಅತಿಯಾದ್ದರಿಂದ ಅರ್ಧ ಸೆಕೆಂಡೊಳಗೆ ಬಹುಪಾಲು ಅಳಿದುಹೋಗುತ್ತದೆ. ಸೆಕೆಂಡಿಗೆ ಹತ್ತು ಲಕ್ಷಕ್ಕೂ ಹೆಚ್ಚು ಸುತ್ತು! ಅಷ್ಟರಲ್ಲೇ ತೂಗಿದ್ದು ಎಷ್ಟು ನಿಖರ ಅಂದರೆ, ಹೆದ್ದಾರಿ ಬದಿಯ ವೇಬ್ರಿಜ್ ಮೇಲೆ 10 ಟನ್ನಿನ ಲಾರಿಯನ್ನು ಒಂದು ಗ್ರಾಂ ಹೆಚ್ಚುಕಮ್ಮಿ ಆಗದಂತೆ ತೂಗಿದ ಹಾಗೆ.

ಇಷ್ಟೆಲ್ಲ ಯಾಕ್ರೀ ಅಂತೀರಾ? ಸತ್ತ ದೊಡ್ಡ ನಕ್ಷತ್ರ ಕುಸಿದು ಉಳಿಯುವ ನ್ಯೂಟ್ರಾನ್ ನಕ್ಷತ್ರ ಸುಮಾರು 20 ಕಿ.ಮೀ. ಅಗಲದ ಗುಂಡು, ತೂಕ ಮಾತ್ರ ಸೂರ್ಯನಿಗಿಂತ ಹೆಚ್ಚು. ಅದರ ತೊಗಟೆಯಲ್ಲಿ ಸತು-82 ಇರಬೇಕು ಎಂದು ಒಂದು ಸಿದ್ಧಾಂತದ ಲೆಕ್ಕ ಹೇಳುತ್ತಿತ್ತು. 2013ರಲ್ಲಿ ಪ್ರಕಟವಾದ ತೂಕ ಆ ಲೆಕ್ಕ ಕೆಡಿಸಿತು. ಬೀಜದ ಕಟ್ಟು ಎಣಿಸಿದಷ್ಟು ಬಿಗಿಯಿರಲಿಲ್ಲ. ಸತು-82ಕ್ಕೆ ಅಲ್ಲಿ ಜಾಗ ತಪ್ಪಿತು. ಯಾರೂ ಹೋಗಿ ಮುಟ್ಟಲಾಗದ ನಕ್ಷತ್ರದ ತೊಗಟೆಯನ್ನು ಜಿನೀವಾದಲ್ಲೇ ಕುಳಿತು ತಿದ್ದಿದರು ನೋಡಿ.

ಇಂಥ ಎರಡು ನಕ್ಷತ್ರ ಡಿಕ್ಕಿಯಾದದ್ದು 2017ರ ಆಗಸ್ಟ್ 17ರಂದು ಭೂಮಿಗೆ ತಿಳಿಯಿತು. ಬಂಗಾರದಂಥ ಭಾರದ ಧಾತುಗಳು ಅಲ್ಲಿ ಹುಟ್ಟುತ್ತವೆ ಎಂಬ ಮಾತಿಗೆ ಅದರ ಬೆಳಕು ಬಲ ಕೊಟ್ಟಿತು. ಆದರೆ ಅಜ್ಜಿಯ ಬೋರಮಾಳದ ಬಂಗಾರ ಯಾವ ಯಾವ ಬೀಜಗಳ ಮೆಟ್ಟಿಲು ಹತ್ತಿ ಬಂತು? ಆ ಮೆಟ್ಟಿಲುಗಳಲ್ಲಿ ನೂರಾರನ್ನು ಇನ್ನೂ ಯಾರೂ ತೂಗಿಲ್ಲ. ಅಮೆರಿಕದ ಮಿಷಿಗನ್‌ನಲ್ಲಿ 2022ರಲ್ಲಿ ಶುರುವಾದ ‘ಎಫ್‌ರಿಬ್’ ಕೇಂದ್ರ ಈಗ ಅವುಗಳ ಬೆನ್ನು ಹತ್ತಿದೆ.