ಹುಲ್ಲು ಪ್ಲಾಸ್ಟಿಕ್ಕಾದರೇನು, ಮಣ್ಣು ಜೇಡಿಯೇ!

ನವರಾತ್ರಿ ಕಳೆದು ಮಳೆ ಹಿಂದೆ ಸರಿದ ಮೇಲೆ ನಿಮ್ಮ ಅಂಗಳದ ಆರ್ಟಿಫಿಶಿಯಲ್ ಲಾನ್ ಮೇಲೆ ಒಮ್ಮೆ ಬರಿಗಾಲಲ್ಲಿ ನಡೆದು ನೋಡಿ. ಒಂದು ಕಡೆ ಕಾಲು ಮೆತ್ತಗೆ ಕುಸಿಯುತ್ತದೆ, ಇನ್ನೊಂದು ಕಡೆ ಪಚಕ್ಕನೆ ನೀರು ಮೇಲೆ ಬರುತ್ತದೆ. ಜೋಡಣೆ ಬಾಯಿ ಬಿಟ್ಟಿದೆ, ಗೋಡೆಯಂಚಿನಲ್ಲಿ ಪಾಚಿ, ಜೊತೆಗೆ ಕೆಸರಿನ ವಾಸನೆ. ನೀರು ಹಾಯಿಸೋದು ಬೇಡ, ಕತ್ತರಿಸೋದು ಬೇಡ ಅಂತ ತಾನೇ ಇದನ್ನು ಹಾಕಿಸಿದ್ದು! ಹಾಕಿದವರನ್ನು ಕರೆದರೆ, "ಮೇಡಂ, ಹುಲ್ಲು ಹೋಯ್ತು, ಪೂರ್ತಿ ಬದಲಾಯಿಸಬೇಕು" ಅಂತಾರೆ. ಹ್ಞೂಂ ಅನ್ನುವ ಮೊದಲು ಸ್ವಲ್ಪ ತಾಳಿ. ಇಂಥ ಕಡೆ ಬಹಳ ಸಲ ಹಾಳಾಗಿರುವುದು ಹುಲ್ಲಲ್ಲ, ಅದರ ಕೆಳಗಿನ ನೆಲ.

ಮಂಗಳೂರು, ಉಡುಪಿ ಕಡೆ ಗದ್ದೆ ತುಂಬಿಸಿ ಕಟ್ಟಿದ ಮನೆಗಳು ಎಷ್ಟಿಲ್ಲ? ಗದ್ದೆಯ ಮಣ್ಣು ಜೇಡಿ. ಅದರ ಮೇಲೆ ವರ್ಷ ವರ್ಷ ನೀರು ಕಟ್ಟಿ, ಕೆಸರು ಮಾಡಿ ಉತ್ತಿದ್ದಾರೆ. ನೀರು ಕೆಳಗೆ ಇಳಿಯಬಾರದು, ಪೈರಿನ ಬುಡದಲ್ಲೇ ನಿಲ್ಲಬೇಕು ಅನ್ನುವುದೇ ಆ ದುಡಿಮೆಯ ಉದ್ದೇಶ. ಈಗ ನಾವು ಅದೇ ನೆಲದ ಮೇಲೆ ತೂತಿನ ಚಾಪೆ ಹಾಸಿ ನೀರು ಇಳಿದುಹೋಗಲಿ ಅಂದರೆ ಇಳಿಯುತ್ತದೆಯೇ? ವರ್ಷಕ್ಕೆ 3,500 ಮಿ.ಮೀ.ಗೂ ಮಿಕ್ಕಿ ಸುರಿಯುವ ಊರಿದು. ಅದರಲ್ಲೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಜೇಡಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕುಗ್ಗುತ್ತದೆ. ಮೇಲಿನ ಚಾಪೆ ಅದರ ಜೊತೆಗೇ ಏಳುತ್ತದೆ, ಬೀಳುತ್ತದೆ. ಹುಬ್ಬಳ್ಳಿ ಕಡೆಯ ಎರೆಭೂಮಿಯಲ್ಲಿ ಮಳೆ ಕಡಿಮೆ ನಿಜ, ಆದರೆ ಉಬ್ಬಿ ಕುಗ್ಗುವ ಆಟ ಅಲ್ಲಿ ಇನ್ನೂ ಜೋರು.

ಇದು ಬರೀ ಅಂದಚಂದದ ಮಾತಲ್ಲ. ನನ್ನ ಗೆಳತಿಯ ಅತ್ತೆ ಬೆಳಗ್ಗೆ ತುಳಸಿಗೆ ನೀರು ಹಾಕಲು ಹೋದವರು ಎದ್ದುನಿಂತ ಜೋಡಣೆಗೆ ಎಡವಿ ಮಣಿಕಟ್ಟು ಮುರಿದುಕೊಂಡರು. ಆಮೇಲೆಯೇ ಆ ಮನೆಯಲ್ಲಿ ಲಾನ್ ಎತ್ತಿ ನೋಡಿದ್ದು. ಜೇಡಿಯ ಮೇಲೆ ಒಂದಿಂಚು ಮರಳು, ಅದರ ಮೇಲೆ ನೇರ ಹುಲ್ಲು! ಜಲ್ಲಿಯ ಸುದ್ದಿಯೇ ಇಲ್ಲ.

ಹಾಗಾಗಿ ಮೊದಲು ಒಂದು ಮೂಲೆ ಎತ್ತಿಸಿ. ಒಂದು ಅಡಿ ಅಗಲ, ಒಂದು ಅಡಿ ಆಳದ ಗುಂಡಿ ತೋಡಿಸಿ ನೀರು ತುಂಬಿಸಿ. ಅದು ಇಂಗಿದ ಮೇಲೆ ಮತ್ತೆ ತುಂಬಿಸಿ ಗಡಿಯಾರ ನೋಡಿ. ಗಂಟೆಗೆ ಅರ್ಧ ಇಂಚೂ ಇಳಿಯಲಿಲ್ಲವೋ, ಹೊಸ ಹುಲ್ಲು ತಂದರೂ ಮುಂದಿನ ಮಳೆಗಾಲಕ್ಕೆ ಅದೇ ಪಾಡು. ಈ ಕೆಲಸಕ್ಕೆಲ್ಲ ಜನವರಿಯಿಂದ ಏಪ್ರಿಲ್‌ವರೆಗೆ ಒಳ್ಳೆ ಸಮಯ. ನೆಲ ಒಣಗಿರುತ್ತದೆ, ಅಂಟೂ ಹಿಡಿಯುತ್ತದೆ.

ರಿಪೇರಿ ಹೀಗೆ. ಕುಸಿದ ಭಾಗದ ಹುಲ್ಲನ್ನು ಹರಿಯದಂತೆ ಎತ್ತಿ ಸುತ್ತಿಡಬೇಕು. ನಾಲ್ಕೈದು ಇಂಚು ಜೇಡಿ ತೆಗೆದು, ನೆಲವನ್ನು ಮನೆಯಿಂದ ಹೊರಗೆ ಇಳಿಜಾರು ಮಾಡಬೇಕು. ಹತ್ತು ಅಡಿಗೆ ಒಂದರಿಂದ ಎರಡು ಇಂಚು ಇಳಿದರೆ ಸಾಕು. ಮೇಲೆ ಜಿಯೋಟೆಕ್ಸ್‌ಟೈಲ್ ಅನ್ನುವ ಬಟ್ಟೆಯಂಥ ಹಾಳೆ ಹಾಸಬೇಕು. ಮೇಸ್ತ್ರಿ "ಅದೆಲ್ಲ ಯಾಕಮ್ಮಾ" ಅಂದರೂ ಬಿಡಬೇಡಿ. ಅದಿಲ್ಲದಿದ್ದರೆ ಒದ್ದೆ ಜೇಡಿ ಮೆಲ್ಲಗೆ ಜಲ್ಲಿಯೊಳಗೆ ಏರಿ ಸಂದುಗಳನ್ನೆಲ್ಲ ಮುಚ್ಚಿಬಿಡುತ್ತದೆ. ನಂತರ ಮೂರು ನಾಲ್ಕು ಇಂಚು ಜಲ್ಲಿ ಹಾಕಿ ಚೆನ್ನಾಗಿ ದಮ್ಮಾಸು ಮಾಡಿಸಿ. ಆದರೆ ಜೇಡಿನೆಲದಲ್ಲಿ ಜಲ್ಲಿಯೊಂದೇ ಸಾಲದು, ನೀರಿಗೆ ಹೊರಹೋಗಲು ದಾರಿ ಬೇಕು. ಇಲ್ಲವಾದರೆ ಅದು ಜಲ್ಲಿ ತುಂಬಿದ ಬಾನಿ ಅಷ್ಟೆ! ತಗ್ಗಿನ ಅಂಚಿನಲ್ಲಿ ಕಾಲುವೆ ತೋಡಿ, ತೂತಿನ ಪೈಪ್ ಇಟ್ಟು, ಸುತ್ತ ಜಲ್ಲಿ ತುಂಬಿ ಚರಂಡಿಗೆ ಬಿಡಿಸಿ. ಮಾಡಿನ ನೀರು ಬೀಳುವ ಪೈಪ್ ಲಾನ್ ಮೇಲೆಯೇ ಬಾಯಿ ಬಿಟ್ಟಿದೆಯೇ? ಮೊದಲು ಅದನ್ನು ಬೇರೆಡೆಗೆ ತಿರುಗಿಸಿ. ಕೆಲವು ಮನೆಗಳಲ್ಲಿ ಅರ್ಧ ಕಾಯಿಲೆ ಅಷ್ಟಕ್ಕೇ ವಾಸಿಯಾಗುತ್ತದೆ.

ಜೋಡಣೆ ಬಿಟ್ಟಿದ್ದರೆ ಹಳೆ ಅಂಟು ಕೆರೆದು, ಕೆಳಗೆ ಹೊಸ ಟೇಪ್ ಇಟ್ಟು, ಹೊರಾಂಗಣದ ಹುಲ್ಲಿಗೆಂದೇ ಬರುವ ಅಂಟು ಹಚ್ಚಬೇಕು. ಒದ್ದೆ ಬೆನ್ನಿಗೆ ಅಂಟು ಹಚ್ಚಿದರೆ ದುಡ್ಡು ದಂಡ. ದೀಪಾವಳಿಯ ಸುರುಸುರುಬತ್ತಿ ಕಿಡಿಗೆ ಕರಗಿ ತೂತಾದ ಕಡೆ ತೇಪೆ ಹಾಕಬಹುದು. ಮನೆಯಲ್ಲಿ ಉಳಿಕೆ ತುಂಡು ಇಲ್ಲದಿದ್ದರೆ ಹೂಕುಂಡದ ಅಡಿಯಿಂದ ಕತ್ತರಿಸಿಕೊಳ್ಳಿ, ಯಾರಿಗೂ ಕಾಣಲ್ಲ. ಬ್ಲೇಡ್ ಹಿಂಬದಿಯಿಂದ, ಹೊಲಿಗೆ ಸಾಲುಗಳ ನಡುವೆ ಹೋಗಲಿ. ಎಳೆಗಳು ಬಾಗಿದ ದಿಕ್ಕು ಎರಡೂ ಕಡೆ ಒಂದೇ ಇರಲಿ. ಇಲ್ಲದಿದ್ದರೆ ತೇಪೆ ಸೀರೆಗೆ ಹೊಂದದ ಬ್ಲೌಸಿನಂತೆ ಎದ್ದು ಕಾಣುತ್ತದೆ.

ಮೇಲೆ ಉದುರಿಸಲು ತೊಳೆದ ಸಿಲಿಕಾ ಮರಳೇ ಬೇಕು. ಸಮುದ್ರದ ಮರಳಲ್ಲಿ ಉಪ್ಪು, ಎಂ-ಸ್ಯಾಂಡ್‌ನಲ್ಲಿ ಧೂಳು. ಆ ಧೂಳೇ ತೂತು ಮುಚ್ಚುವುದು. ಪಾಚಿಗೆ ಗಟ್ಟಿ ಬ್ರಷ್ ಮತ್ತು ಸಮಪಾಲು ನೀರು ಬೆರೆಸಿದ ವಿನೆಗರ್ ಸಾಕು. ಬ್ಲೀಚಿಂಗ್ ಪೌಡರ್ ಜೊತೆ ವಿನೆಗರ್ ಆಗಲಿ, ಟಾಯ್ಲೆಟ್ ಆಸಿಡ್ ಆಗಲಿ ಎಂದೂ ಸೇರಿಸಬೇಡಿ, ವಿಷಗಾಳಿ ಏಳುತ್ತದೆ.

ಇಷ್ಟೆಲ್ಲ ಲೆಕ್ಕ ಹಾಕಿದಾಗ ಕೆಲವರಿಗೆ ಗರಿಕೆಯೇ ವಾಸಿ ಅನ್ನಿಸಬಹುದು. ಬಿಸಿಲು ಚೆನ್ನಾಗಿ ಬೀಳುವ ಅಂಗಳವಾದರೆ ನನ್ನ ಓಟೂ ಅದಕ್ಕೇ. ಮಧ್ಯಾಹ್ನ ಪ್ಲಾಸ್ಟಿಕ್ ಹುಲ್ಲು ಮಕ್ಕಳ ಕಾಲು ಸುಡುವಷ್ಟು ಕಾಯುತ್ತದೆ. ನೆರಳಿನ ಮೂಲೆಗೆ, ಬಾಲ್ಕನಿಗೆ ಇದು ಇರಲಿ.

ರಿಪೇರಿ ಮಾಡಿಸಿದಿರಾದರೆ ಪೂರ್ತಿ ಹಣ ಒಮ್ಮೆಲೇ ಕೊಡಬೇಡಿ. ಬೇಸಿಗೆಯ ಮೊದಲ ದೊಡ್ಡ ಮಳೆ ಬಂದಾಗ ಕೊಡೆ ಹಿಡಿದು ಪೈಪಿನ ಬಾಯಿ ನೋಡಿ ಬನ್ನಿ. ಆರಂಭದಲ್ಲಿ ಸ್ವಲ್ಪ ಕದಡಿದ ನೀರು ಬಂದರೆ ಚಿಂತೆಯಿಲ್ಲ. ಆಮೇಲೂ ಕೆಸರೇ ಬರುತ್ತಿದ್ದರೆ, ಅಥವಾ ನೀರೇ ಬರದಿದ್ದರೆ, ಬಾಕಿ ಕೊಡುವ ಮುಂಚೆ ಮೇಸ್ತ್ರಿಗೆ ಒಂದು ಫೋನ್ ಮಾಡಿ.