ಹಳೇ ಟೈರ್ ಸಮುದ್ರಕ್ಕೆ ಹಾಕಿದರೆ ಮೀನಿಗೆ ಮನೆ ಆಗುತ್ತಾ? ಕಡಲ್ಕೊರೆತ ನಿಲ್ಲುತ್ತಾ?

ಹಳೇ ಟೈರ್, ಗುಜರಿ ಬಸ್ಸು, ಒಡೆದ ಕಾಂಕ್ರೀಟು ಸಮುದ್ರಕ್ಕೆ ಬೀಳುತ್ತಿರುವ ವಿಡಿಯೊ ನಿಮ್ಮ ಮೊಬೈಲಿಗೂ ಬಂದಿರಬಹುದು. ‘ಇಷ್ಟು ಮಾಡಿದರೆ ಸಾಕು, ಮೀನೂ ಹೆಚ್ಚುತ್ತದೆ, ಕಡಲ್ಕೊರೆತವೂ ನಿಲ್ಲುತ್ತದೆ’ ಎಂಬ ಮಾತನ್ನೂ ಕೇಳಿರಬಹುದು. ಇದರಲ್ಲಿ ನಿಜ ಎಷ್ಟು?

ಅರ್ಧ ನಿಜ. ಉಳಿದ ಅರ್ಧವನ್ನು ನಂಬಿ ಹೊರಟವರಿಗೆ ಏನಾಯಿತು ಎಂಬುದಕ್ಕೆ ಅಮೆರಿಕದಲ್ಲೇ ಒಂದು ಉದಾಹರಣೆ ಇದೆ.

ಕೃತಕ ಬಂಡೆಸಾಲು ಎಂದರೇನು?

ಸಮುದ್ರದ ತಳ ಬಹುಪಾಲು ಮರಳು ಅಥವಾ ಕೆಸರು. ಅಲ್ಲಿ ಅಂಟಿಕೊಂಡು ಬದುಕುವ ಜೀವಿಗಳಿಗೆ ಹಿಡಿಯಲು ಗಟ್ಟಿ ಜಾಗವೇ ಇರುವುದಿಲ್ಲ. ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪದ ಸುತ್ತ ಅಷ್ಟೊಂದು ಬಗೆಯ ಮೀನು ಕಾಣುವುದಕ್ಕೆ ಅಲ್ಲಿರುವ ಬಂಡೆ ಮತ್ತು ಹವಳ ಮುಖ್ಯ ಕಾರಣ. ಅಂಥ ಗಟ್ಟಿ ಜಾಗವನ್ನು ಮನುಷ್ಯರೇ ಕಟ್ಟಿ ನೀರಿಗಿಳಿಸಿದರೆ ಅದು ಕೃತಕ ಬಂಡೆಸಾಲು, ಅಂದರೆ ಆರ್ಟಿಫಿಶಿಯಲ್ ರೀಫ್.

ಮೊದಲು ಅದರ ಮೇಲೆ ಪಾಚಿ ಹಿಡಿಯುತ್ತದೆ. ಆಮೇಲೆ ಪಚ್ಚಿಲೆಯಂಥ ಚಿಪ್ಪುಜೀವಿಗಳು ಅಂಟಿಕೊಳ್ಳುತ್ತವೆ. ಅವನ್ನು ತಿನ್ನಲು ಸಣ್ಣ ಮೀನು, ಸಣ್ಣ ಮೀನನ್ನು ತಿನ್ನಲು ದೊಡ್ಡ ಮೀನು ಬರುತ್ತವೆ. ತೂತು, ಸಂದಿಗಳು ಮರಿಗಳಿಗೆ ಅಡಗುತಾಣ. ನೀರಿನಲ್ಲಿ ಗುಂಪಾಗಿ ಅಲೆಯುವ ಬಂಗುಡೆ, ಬೂತಾಯಿಗಿಂತ ಕಲ್ಲಿನ ಸಂದಿ ಹುಡುಕುವ ಮುರು ಮೀನಿನಂಥವುಗಳಿಗೆ ಇದರ ಲಾಭ ಜಾಸ್ತಿ.

ಹಾಗಾದರೆ ಟೈರ್ ಹಾಕಿದರೆ ತಪ್ಪೇನು?

1972ರಲ್ಲಿ ಅಮೆರಿಕದ ಫ್ಲೋರಿಡಾ ರಾಜ್ಯದ ಫೋರ್ಟ್ ಲಾಡರ್‌ಡೇಲ್ ಬಳಿ ಇದೇ ಆಲೋಚನೆಯಿಂದ ಕೆಲಸ ಶುರುವಾಯಿತು. ಸುಮಾರು 20 ಲಕ್ಷ ಟೈರ್‌ಗಳನ್ನು ಕಟ್ಟುಕಟ್ಟಾಗಿ ಸಮುದ್ರಕ್ಕೆ ಇಳಿಸಿದರು. ಕಸವೂ ಖಾಲಿ, ಮೀನಿಗೆ ಮನೆಯೂ ಆಯಿತು ಎಂಬ ಲೆಕ್ಕ. ಆ ಜಾಗಕ್ಕೆ ಆಸ್‌ಬರ್ನ್ ರೀಫ್ ಎಂದು ಹೆಸರು.

ಆದರೆ ಉಪ್ಪುನೀರಿಗೆ ಕಟ್ಟಿನ ಉಕ್ಕು ತುಕ್ಕು ಹಿಡಿಯಿತು, ಟೈರ್‌ಗಳು ಬಿಡಿಬಿಡಿಯಾದವು. ನೀರಿನೊಳಗೆ ಟೈರಿಗೆ ಹೆಚ್ಚು ತೂಕವಿಲ್ಲ. ಚಂಡಮಾರುತ ಬಂದಾಗಲೆಲ್ಲ ಅವು ಉರುಳಾಡಿದವು. ಉರುಳುವ ಟೈರಿನ ಮೇಲೆ ಹವಳ ಬೆಳೆಯಲಿಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ, ಅವು ಹತ್ತಿರದಲ್ಲೇ ಇದ್ದ ಸಹಜ ಹವಳಕ್ಕೆ ಬಡಿದು ಅದನ್ನೂ ಹಾಳು ಮಾಡಿದವು. 2007ರಲ್ಲಿ ಅಮೆರಿಕದ ಸೇನೆಯ ಮುಳುಗುಗಾರರು ಟೈರ್‌ಗಳನ್ನು ಮೇಲೆತ್ತಲು ಇಳಿದರು. ಒಂದು ದಶಕ ಕಳೆದರೂ ಆ ಕೆಲಸ ಮುಗಿಯಲಿಲ್ಲ. ಹಾಕುವುದು ಸುಲಭ, ತೆಗೆಯುವುದು ಕಷ್ಟ.

ಸರಿಯಾದ ಕ್ರಮ ಯಾವುದು?

ಭಾರತದಲ್ಲಿ ಕೊಚ್ಚಿಯ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ (ಸಿಎಂಎಫ್‌ಆರ್‌ಐ) ಇದಕ್ಕೆ ತಾಂತ್ರಿಕ ನೆರವು ಕೊಡುತ್ತದೆ. ಪ್ರಧಾನ ಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಹಣದ ನೆರವೂ ಇದೆ. ಇಲ್ಲಿ ಬಳಸುವುದು ಗುಜರಿಯನ್ನಲ್ಲ. ತ್ರಿಕೋನ, ಹೂವು, ಕೊಳವೆ ಆಕಾರದಲ್ಲಿ ಇದಕ್ಕೆಂದೇ ಎರಕ ಹೊಯ್ದ, ಅಲುಗಾಡದಷ್ಟು ಭಾರದ ಕಾಂಕ್ರೀಟ್ ಘಟಕಗಳನ್ನು. ತಳದ ಮಣ್ಣು, ಆಳ, ಹರಿವು ನೋಡಿ, ಮೀನುಗಾರರ ಜೊತೆ ಮಾತಾಡಿ ಜಾಗ ಆರಿಸಬೇಕು. ತಳ ಬಾಚುವ ಟ್ರಾಲ್ ಬಲೆ ಇವುಗಳಿಗೆ ಸಿಕ್ಕಿಕೊಳ್ಳುವುದರಿಂದ ಆ ಜಾಗಕ್ಕೆ ತಾನಾಗಿಯೇ ಒಂದಿಷ್ಟು ರಕ್ಷಣೆ ಸಿಗುತ್ತದೆ.

ಇಲ್ಲೂ ಒಂದು ಎಚ್ಚರಿಕೆ ಬೇಕು. ಬಂಡೆಸಾಲಿನ ಬಳಿ ಮೀನು ಕಂಡರೆ ಅದೆಲ್ಲ ಹೊಸದಾಗಿ ಹುಟ್ಟಿದ್ದೇ ಆಗಬೇಕಿಲ್ಲ. ಬೇರೆಡೆಯಿಂದ ಬಂದು ಒಂದೆಡೆ ಸೇರಿದ್ದೂ ಇರಬಹುದು. ಸೇರಿದ ಮೀನನ್ನೆಲ್ಲ ಒಮ್ಮೆಲೇ ಬಾಚಿದರೆ ಮೀನು ಹೆಚ್ಚುವ ಬದಲು ಬೇಗ ಖಾಲಿಯಾಗುತ್ತದೆ.

ಕಡಲ್ಕೊರೆತ ನಿಲ್ಲುತ್ತದೆಯೇ?

ಫಾರ್ವರ್ಡ್‌ಗಳು ಹೆಚ್ಚು ಎಡವುವುದು ಇಲ್ಲಿಯೇ. ಸಹಜ ಹವಳದ ದಿಬ್ಬಗಳು ಅಲೆಯ ಶಕ್ತಿಯನ್ನು ಸರಾಸರಿ ಶೇ 97ರಷ್ಟು ತಗ್ಗಿಸುತ್ತವೆ ಎಂದು 2014ರಲ್ಲಿ ಪ್ರಕಟವಾದ ಅಧ್ಯಯನವೊಂದು ಲೆಕ್ಕ ಹಾಕಿದೆ. ಆದರೆ ಅದು ನೀರಿನ ಮೇಲ್ಮೈವರೆಗೆ ಬೆಳೆದ ಅಗಲವಾದ ದಿಬ್ಬದ ಮಾತು.

ಅಲೆ ಒಡೆಯುವುದು ನೀರಿನ ಆಳ ಹೆಚ್ಚುಕಡಿಮೆ ಅಲೆಯ ಎತ್ತರದಷ್ಟಕ್ಕೆ ಇಳಿದಾಗ. 2 ಮೀಟರ್ ಅಲೆ ಒಡೆಯಬೇಕಾದರೆ ಬಂಡೆಯ ತಲೆಯ ಮೇಲೆ ಎರಡು-ಮೂರು ಮೀಟರಿಗಿಂತ ಹೆಚ್ಚು ನೀರು ಇರಬಾರದು. ಮೀನಿಗಾಗಿ 15 ಮೀಟರ್ ಆಳದಲ್ಲಿಟ್ಟ ಕಾಂಕ್ರೀಟಿನ ಮೇಲೆ ಅಲೆ ಏನೂ ಗೊತ್ತಿಲ್ಲದಂತೆ ಹಾದುಹೋಗುತ್ತದೆ. ಅಂದರೆ ಮೀನಿನ ರೀಫ್ ಬೇರೆ, ಅಲೆ ತಡೆಯುವ ರೀಫ್ ಬೇರೆ.

ಎರಡೂ ಕೆಲಸ ಒಟ್ಟಿಗೆ ಆಗುವುದೇ ಇಲ್ಲ ಎಂದಲ್ಲ. ತಮಿಳುನಾಡಿನ ತೂತ್ತುಕುಡಿ ಬಳಿ, ಮನ್ನಾರ್ ಕೊಲ್ಲಿಯಲ್ಲಿ ವಾನ್ ಎಂಬ ಪುಟ್ಟ ದ್ವೀಪವಿದೆ. ಸುತ್ತಲಿನ ಹವಳವನ್ನು ವರ್ಷಗಟ್ಟಲೆ ಅಗೆದು ಸಾಗಿಸಿದ್ದರಿಂದ ಅಲೆಗೆ ತಡೆಯಿಲ್ಲದೆ ಆ ದ್ವೀಪ ಕರಗುತ್ತಿತ್ತು. ಅದೇ ಕೊಲ್ಲಿಯ ಎರಡು ದ್ವೀಪಗಳು ಆಗಲೇ ಮುಳುಗಿದ್ದವು. 2015ರಿಂದ ಆಳವಿಲ್ಲದ ನೀರಿನಲ್ಲಿ ತೂತುಗಳಿರುವ ಕಾಂಕ್ರೀಟ್ ಘಟಕಗಳನ್ನು ಸಾಲಾಗಿ ಇಟ್ಟರು. ಕೊರೆತ ತಗ್ಗಿತು, ಮೀನೂ ಬಂತು.

ನಮ್ಮ ಕರ್ನಾಟಕದಲ್ಲಿ ಉಳ್ಳಾಲದ ಕಡಲಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದ ನೆರವಿನಿಂದ ಎರಡು ರೀಫ್ ಕಟ್ಟಲಾಗಿದೆ. ಅವುಗಳ ಉದ್ದೇಶವೇ ಅಲೆ ತಡೆಯುವುದು. ಆದರೂ ಉಳ್ಳಾಲ, ಸೋಮೇಶ್ವರ, ಉಚ್ಚಿಲದ ಕಡೆ ಮಳೆಗಾಲ ಬಂತೆಂದರೆ ಕಡಲಿನ ಅಂಚಿನ ಮನೆಯವರಿಗೆ ನಿದ್ದೆಯಿಲ್ಲ. ಮರಳು ದಡದುದ್ದಕ್ಕೂ ಸಾಗುತ್ತಲೇ ಇರುತ್ತದೆ. ಒಂದು ಕಡೆ ತಡೆ ಕಟ್ಟಿದರೆ ಪಕ್ಕದ ಊರಿಗೆ ಬರಬೇಕಾದ ಮರಳು ಕಡಿಮೆಯಾಗಬಹುದು. ಹಾಗಾಗಿ ಒಂದು ಊರಿನ ರೀಫ್ ಇಡೀ ಕರಾವಳಿಗೆ ಮದ್ದಲ್ಲ.

ಫಾರ್ವರ್ಡ್ ಮಾಡುವ ಮುನ್ನ

ಇಂಥ ವಿಡಿಯೊ ಬಂದರೆ ನಾಲ್ಕು ಪ್ರಶ್ನೆ ಕೇಳಿ: ಏನು ಹಾಕಿದರು? ಎಷ್ಟು ಆಳದಲ್ಲಿ? ಮೀನಿಗೋ, ಅಲೆಗೋ? ಐದು ವರ್ಷದ ನಂತರ ಯಾರಾದರೂ ಇಳಿದು ನೋಡಿದರೇ? ಉತ್ತರ ಇಲ್ಲದಿದ್ದರೆ, ನೀವು ನೋಡಿದ್ದು ಸಮುದ್ರಕ್ಕೆ ಕಸ ಸುರಿಯುವ ವಿಡಿಯೊ ಇರಬಹುದು.