ಮಕ್ಕಳು ಕೊಂಡ ಇಪ್ಪತ್ತು ಲಕ್ಷ ಸೈಟು

ಹೆಕ್ಟೇರು ಎಂದರೆ ನಮ್ಮಲ್ಲಿ ಬಹಳ ಜನಕ್ಕೆ ಕಣ್ಣಿಗೆ ಏನೂ ಕಟ್ಟುವುದಿಲ್ಲ. ಥರ್ಟಿ ಫಾರ್ಟಿ ಸೈಟು ಎಂದರೆ ತಟ್ಟನೆ ಕಟ್ಟುತ್ತದೆ. ಹಾಗಾಗಿ ಆ ಲೆಕ್ಕದಲ್ಲೇ ಹೇಳುತ್ತೇನೆ. ಮಧ್ಯ ಅಮೆರಿಕದ ಕೋಸ್ಟರೀಕಾದಲ್ಲಿ ಶಾಲಾ ಮಕ್ಕಳು ಚಿಲ್ಲರೆ ಕೂಡಿಸಿ ಕೊಳ್ಳಲು ಶುರುಮಾಡಿದ ಕಾಡೊಂದಿದೆ. ಅದನ್ನು 30x40 ಸೈಟುಗಳಾಗಿ ಹಂಚಿದರೆ 20 ಲಕ್ಷಕ್ಕೂ ಹೆಚ್ಚು ಸೈಟಾಗುತ್ತದೆ, ರಸ್ತೆಗೂ ಚರಂಡಿಗೂ ಜಾಗ ಬಿಡದಿದ್ದರೆ. ಹೆಕ್ಟೇರಿನಲ್ಲಿ ಸುಮಾರು 23,000, ಎಕರೆಯಲ್ಲಿ ಐವತ್ತಾರು ಸಾವಿರಕ್ಕೂ ಮಿಕ್ಕಿ. ಆ ದೇಶದಲ್ಲಿ ಖಾಸಗಿ ಒಡೆತನದ ಅತಿ ದೊಡ್ಡ ಸಂರಕ್ಷಿತ ಕಾಡು ಅದೇ. ಹೆಸರು ‘ಬೋಸ್ಕೆ ಎತೆರ್ನೊ ದೆ ಲೊಸ್ ನಿನ್ಯೋಸ್’, ಮಕ್ಕಳ ಚಿರಂತನ ಕಾಡು.

ಇದರ ಬೀಜ ಬಿದ್ದದ್ದು ಅಲ್ಲಿಂದ ಒಂಬತ್ತು ಸಾವಿರ ಕಿಲೋಮೀಟರಿಗೂ ದೂರದ ಸ್ವೀಡನ್ನಿನಲ್ಲಿ, 1987ರಲ್ಲಿ. ಹಳ್ಳಿಗಾಡಿನ ಫಾಗರ್‌ವಿಕ್ ಎಂಬ ಪುಟ್ಟ ಶಾಲೆಯಲ್ಲಿ ಎಹಾ ಕೆರ್ನ್ ಎಂಬ ಶಿಕ್ಷಕಿ ಮಳೆಕಾಡಿನ ಪಾಠ ಮಾಡುತ್ತಿದ್ದರು. ಕಾಡು ದಿನೇದಿನೇ ಕರಗುತ್ತಿದೆ ಎಂಬ ಭಾಗ ಬಂದಾಗ ಒಂಬತ್ತು ವರ್ಷದ ಹುಡುಗನೊಬ್ಬ, ಹಾಗಾದರೆ ನಾವೇ ಯಾಕೆ ಅದನ್ನು ಕೊಂಡುಬಿಡಬಾರದು ಎನ್ನುವ ಮಾತೆತ್ತಿದ. ದೊಡ್ಡವರಾಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದರು. ಕೋಸ್ಟರೀಕಾದ ಮೊಂತೆವೆರ್ದೆ ಬೆಟ್ಟಗಳಲ್ಲಿ ಸಂಶೋಧನೆ ಮಾಡುತ್ತಿದ್ದ ಅಮೆರಿಕದ ಜೀವವಿಜ್ಞಾನಿ ಶರಾನ್ ಕಿನ್ಸ್‌ಮನ್ ಆಗ ಸ್ವೀಡನ್ನಿಗೆ ಬಂದಿದ್ದರು. ಅವರು ಶಾಲೆಗೆ ಬಂದು ಸ್ಲೈಡುಗಳನ್ನು ತೋರಿಸಿದರು. ಆ ಬೆಟ್ಟದಲ್ಲಿ ನಿಜವಾಗಿಯೂ ಜಮೀನು ಮಾರಾಟಕ್ಕಿದೆ, ಕೊಂಡು ಕಾಯುವುದಕ್ಕೆ ಊರಿನವರದೇ ಒಂದು ಸಂಘವಿದೆ ಎಂಬ ಸಂಗತಿಯೂ ಮಕ್ಕಳಿಗೆ ಸಿಕ್ಕಿತು. ಆ ಸಂಘ ಹುಟ್ಟಿ ಆಗ ಒಂದೇ ವರ್ಷವಾಗಿತ್ತು.

ಮಕ್ಕಳು ತಿಂಡಿ ಮಾಡಿ ಮಾರಿದರು, ನಾಟಕ ಆಡಿದರು, ಕೂಡಿದ ಹಣ ಕಳಿಸಿದರು. ಮೊದಲ ಕಂತಿಗೆ ಬಂದದ್ದು ಬೆರಳೆಣಿಕೆಯ ಹೆಕ್ಟೇರು. ಅಷ್ಟಕ್ಕೇ ನಿಂತಿದ್ದರೆ ಇದು ಶಾಲಾ ವಾರ್ಷಿಕೋತ್ಸವದ ವರದಿಯಲ್ಲಿ ಒಂದು ಸಾಲಾಗುತ್ತಿತ್ತು. ಎಹಾ ಮತ್ತು ಅವರ ಪತಿ ಬೆರ್ನ್ಡ್ ಸೇರಿ ‘ಬಾರ್ನೆನ್ಸ್ ರೆಗ್ನ್‌ಸ್ಕೂಗ್’ ಎಂಬ ಸಂಸ್ಥೆ ಕಟ್ಟಿದರು. ಸುದ್ದಿ ಒಂದು ಶಾಲೆಯಿಂದ ಇನ್ನೊಂದಕ್ಕೆ, ಒಂದು ದೇಶದಿಂದ ಮತ್ತೊಂದಕ್ಕೆ ದಾಟಿತು. ಕೊನೆಗೆ ಹಣ ಬಂದದ್ದು 44 ದೇಶಗಳ ಮಕ್ಕಳಿಂದ. 1991ರಲ್ಲಿ ಶಿಕ್ಷಕಿಗೂ ಆ ಹುಡುಗನಿಗೂ ಒಟ್ಟಿಗೇ ಗೋಲ್ಡ್‌ಮನ್ ಪರಿಸರ ಪ್ರಶಸ್ತಿ ಬಂತು.

ಆ ನೆಲದಲ್ಲಿ ಏನಿದೆ ಎಂದು ಎಣಿಸಹೊರಟರೆ ತಲೆ ತಿರುಗುತ್ತದೆ. ಕೋಸ್ಟರೀಕಾ 51,100 ಚದರ ಕಿಲೋಮೀಟರಿನ ದೇಶ, ಕರ್ನಾಟಕದ ಕಾಲುಭಾಗಕ್ಕಿಂತ ತುಸು ದೊಡ್ಡದು. ಭೂಮಿಯ ನೆಲಭಾಗದಲ್ಲಿ ಅದರ ಪಾಲು ಶೇ. 0.03, ಜಗತ್ತಿನ ಜೀವಿಪ್ರಭೇದಗಳಲ್ಲಿ ಅದರ ಪಾಲು ಮಾತ್ರ ಶೇ. 5ರ ಆಸುಪಾಸು ಎಂದು ಅಂದಾಜು. ಇಡೀ ಭಾರತದಲ್ಲಿ ಸುಮಾರು 1,300 ಬಗೆಯ ಹಕ್ಕಿಗಳಿವೆ. ಭಾರತದ ಅರವತ್ತನಾಲ್ಕನೇ ಒಂದು ಪಾಲಿನಷ್ಟು ಇರುವ ಆ ದೇಶದಲ್ಲಿ 900ಕ್ಕೂ ಹೆಚ್ಚು. ಅದರಲ್ಲಿ 400ಕ್ಕೂ ಹೆಚ್ಚು ಬಗೆ ಈ ಒಂದು ಬೆಟ್ಟಸಾಲಿನಲ್ಲೇ ಸಿಗುತ್ತವೆ. ಆರ್ಕಿಡ್ ಗಿಡಗಳೂ 400 ಬಗೆ ದಾಟುತ್ತವೆ. ಕೆಲವಕ್ಕೆ ಭೂತಗನ್ನಡಿ ಬೇಕು.

ನನಗೆ ಇದಕ್ಕಿಂತ ಹಿಡಿಸಿದ್ದು ಮರದ ಮೇಲಿನ ಲೆಕ್ಕ. ಮೊಂತೆವೆರ್ದೆಯದು ಮೋಡದ ಕಾಡು. ಮಳೆ ಬೀಳದ ದಿನವೂ ಮೋಡ ಕೊಂಬೆಗಳ ನಡುವೆ ನುಗ್ಗಿ ಎಲೆ, ಪಾಚಿಗಳನ್ನು ತೋಯಿಸಿ ತೊಟ್ಟಿಕ್ಕುತ್ತದೆ. ಹೀಗೆ ಸದಾ ಒದ್ದೆಯಾದ ಕೊಂಬೆಗಳ ಮೇಲೆ ಪಾಚಿ, ಜರಿಗಿಡ, ಆರ್ಕಿಡ್ಡು, ಅವು ಕೊಳೆತು ಆದ ಮಣ್ಣು, ಆ ಮಣ್ಣಿನಲ್ಲಿ ಮತ್ತೆ ಗಿಡ. ಹಗ್ಗ ಕಟ್ಟಿ ಮರ ಹತ್ತಿ ಅಲ್ಲಿ ದಶಕಗಟ್ಟಲೆ ಕೆಲಸ ಮಾಡಿದ ನಳಿನಿ ನಾಡಕರ್ಣಿ (ಕರಾವಳಿಯವರ ಕಿವಿ ನೆಟ್ಟಗಾಗುವ ಹೆಸರು, ಅಮೆರಿಕದಲ್ಲಿ ಬೆಳೆದವರು, ತಂದೆ ಭಾರತದಿಂದ ಹೋದವರು) ಮತ್ತು ಸಂಗಡಿಗರು ಈ ಮೇಲ್ಗಿಡ, ಮೇಲ್ಮಣ್ಣುಗಳ ಒಣತೂಕ ಹಾಕಿದಾಗ ಹೆಕ್ಟೇರಿಗೆ ಸುಮಾರು 33 ಟನ್ ಬಂತು. ಒಂದು ಎಕರೆಯ ಮೇಲೆ, ಗಾಳಿಯಲ್ಲಿ, ಹದಿಮೂರು ಟನ್ನು ತೋಟ. ಕೆಲವು ಮರಗಳು ತಮ್ಮ ಕೊಂಬೆಯಿಂದಲೇ ಬೇರು ಬಿಟ್ಟು ಆ ಮೇಲ್ಮಣ್ಣಿನಿಂದ ಸಾರ ಹೀರುತ್ತವೆ ಎಂಬುದನ್ನೂ ನಾಡಕರ್ಣಿ 1981ರಲ್ಲಿ ತೋರಿಸಿಕೊಟ್ಟರು.

ಇನ್ನು ಹೊಟ್ಟೆ ಉರಿಸುವ ಲೆಕ್ಕ. 2024ರಲ್ಲಿ ಜಗತ್ತಿನ ಉಷ್ಣವಲಯದಲ್ಲಿ ನಾಶವಾದ ಮೂಲ ಮಳೆಕಾಡು 67 ಲಕ್ಷ ಹೆಕ್ಟೇರು. ಅರ್ಧದಷ್ಟು ಬೆಂಕಿಗೇ ಹೋಯಿತು. ದಿನಕ್ಕೆ ಭಾಗಿಸಿದರೆ ಹದಿನೆಂಟು ಸಾವಿರ ಹೆಕ್ಟೇರು ದಾಟುತ್ತದೆ. ಅಂದರೆ 44 ದೇಶಗಳ ಮಕ್ಕಳ ದುಡ್ಡಿನಿಂದ ವರ್ಷಗಟ್ಟಲೆ ಕೊಂಡಷ್ಟು ಕಾಡು ಆ ವರ್ಷದ ವೇಗದಲ್ಲಿ ಹೋಗುವುದಕ್ಕೆ ಮೂವತ್ತು ಗಂಟೆ ಸಾಕು. ಸೋಮವಾರ ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಶುರುವಾದರೆ ಮಂಗಳವಾರ ಮಧ್ಯಾಹ್ನದ ಪಾಠ ಮುಗಿಯುವಷ್ಟರಲ್ಲಿ ಎಲ್ಲವೂ ಖಾಲಿ.

ಈ ಭಾಗಾಕಾರ ಮಾಡಿದವರು ಸಾಮಾನ್ಯವಾಗಿ ಕೈಚೆಲ್ಲಿ ಕೂರುತ್ತಾರೆ. ನನಗೆ ಆ ಹತಾಶೆ ಲೆಕ್ಕದ ಸೋಮಾರಿತನ ಎನ್ನಿಸುತ್ತದೆ. ಇಡೀ ಭೂಮಿಯ ನಷ್ಟವನ್ನು ಮೇಲಿಟ್ಟು ಒಂದು ಕಾಡಿನಿಂದ ಭಾಗಿಸಿದರೆ ಯಾವ ಕಾಡೂ ಚಿಕ್ಕದೇ. ಕೋಸ್ಟರೀಕಾವನ್ನಷ್ಟೇ ನೋಡಿ. 1940ರ ದಶಕದಲ್ಲಿ ಆ ದೇಶದ ಮುಕ್ಕಾಲು ಭಾಗ ಕಾಡಿತ್ತು. ದನದ ಹುಲ್ಲುಗಾವಲಿಗೆಂದು ಕಡಿದು ಕಡಿದು, ಸ್ವೀಡನ್ನಿನ ಮಕ್ಕಳು ಹುಂಡಿ ಒಡೆಯುವ ಹೊತ್ತಿಗೆ ಅದು ಕಾಲುಭಾಗಕ್ಕೆ ಇಳಿದಿತ್ತು. ಈಗ ಮತ್ತೆ ಅರ್ಧ ದಾಟಿದೆ. ಅದಕ್ಕೆ ಮಕ್ಕಳೇ ಕಾರಣ ಎಂದರೆ ಸುಳ್ಳಾಗುತ್ತದೆ. 1996ರ ಅರಣ್ಯ ಕಾನೂನು, ಇಂಧನ ತೆರಿಗೆಯ ಹಣದಿಂದ ಕಾಡು ಉಳಿಸಿಕೊಂಡ ರೈತನಿಗೆ ಸಂದಾಯ ಮಾಡುವ ವ್ಯವಸ್ಥೆ, ಪ್ರವಾಸೋದ್ಯಮ, ಅಗ್ಗವಾದ ದನದ ಮಾಂಸ ಎಲ್ಲಕ್ಕೂ ಪಾಲಿದೆ. ಆದರೂ ಆ ತಿರುವಿಗೆ ಮೊದಲೇ ಬೇಲಿಯೊಳಗೆ ಸೇರಿದ ತುಂಡು ಇದು.

ಹಾಗೆಂದು ಕೊಂಡುಬಿಟ್ಟರೆ ಮುಗಿಯಿತೇ? ಪಕ್ಕದ ಮೊಂತೆವೆರ್ದೆ ರಕ್ಷಿತಾರಣ್ಯದಲ್ಲಿ ಬಂಗಾರದ ಕಪ್ಪೆಯೊಂದಿತ್ತು, ಗಂಡಿನ ಮೈ ಪೂರಾ ಉಜ್ವಲ ಕಿತ್ತಳೆ. ಭೂಮಿಯ ಮೇಲೆ ಬೇರೆಲ್ಲೂ ಇಲ್ಲದ್ದು. 1987ರಲ್ಲಿ, ಅದೇ 1987ರಲ್ಲಿ, ಸಂತಾನಕಾಲಕ್ಕೆ ಮಡುಗಳ ಬಳಿ 1,500ಕ್ಕೂ ಹೆಚ್ಚು ಕಪ್ಪೆಗಳು ಕಂಡಿದ್ದವು. 1988ರಲ್ಲಿ ಹತ್ತು. 1989ರಲ್ಲಿ ಒಂದು. ಆಮೇಲೆ ಯಾರೂ ನೋಡಿಲ್ಲ. ಆ ಕಾಡು 1972ರಿಂದಲೇ ರಕ್ಷಣೆಯಲ್ಲಿತ್ತು. ಶಿಲೀಂಧ್ರ ರೋಗ, ಒಣಹವೆ, ಮೇಲಕ್ಕೆ ಸರಿಯುತ್ತಿರುವ ಮೋಡ ಎಂದು ವಿಜ್ಞಾನಿಗಳು ಕಾರಣಗಳನ್ನು ಜಗ್ಗಾಡುತ್ತಲೇ ಇದ್ದಾರೆ. ಇದ್ಯಾವುದಕ್ಕೂ ಬೇಲಿ ಅಡ್ಡಬರುವುದಿಲ್ಲ.

ದುಡ್ಡಿನ ತಾಪತ್ರಯ ಬೇರೆ. ನೆಲ ಕೊಳ್ಳಲು ಕೇಳಿದರೆ ಕೊಡುವ ಕೈ ಬಹಳ. ಕಳ್ಳಬೇಟೆ ತಡೆಯುವ ಕಾವಲುಗಾರನ ಮುಂದಿನ ತಿಂಗಳ ಸಂಬಳಕ್ಕೆ ಕೇಳಿದರೆ ಯಾರಿಗೂ ಉತ್ಸಾಹವಿಲ್ಲ. ಕೊಳ್ಳುವುದು ಒಂದು ಸಲದ ಖರ್ಚು, ಕಾಯುವುದು ಪ್ರತಿ ವರ್ಷದ್ದು.

ಹಕ್ಕಿಗಳಂತೂ ಗಡಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಜಾರ್ಜ್ ಪಾವೆಲ್ ಎಂಬ ವಿಜ್ಞಾನಿ ಕ್ವೆಟ್ಸಾಲ್ ಹಕ್ಕಿಗಳಿಗೆ ರೇಡಿಯೋ ಕಟ್ಟಿ ಹಿಂಬಾಲಿಸಿದಾಗ, ಮರಿ ಮಾಡಿದ ಮೇಲೆ ಅವು ಹಣ್ಣು ಹುಡುಕಿ ರಕ್ಷಿತಾರಣ್ಯದಿಂದ ಆಚೆಗೆ, ಕೆಳಗಿನ ಇಳಿಜಾರಿಗೆ ಇಳಿಯುವುದು ಗೊತ್ತಾಯಿತು. ಆ ಇಳಿಜಾರುಗಳಲ್ಲಿ ಬಹುಪಾಲು ಖಾಸಗಿ ಜಮೀನು. ಗಂಟೆಹಕ್ಕಿಯ ಸಂಚಾರ ಇನ್ನೂ ಉದ್ದ: ಒಂದೇ ವರ್ಷದಲ್ಲಿ ಮೊಂತೆವೆರ್ದೆಯ ಎರಡೂ ಮಗ್ಗುಲು, ನಿಕರಾಗುವಾದ ಕೆರಿಬಿಯನ್ ತಗ್ಗು, ಅಲ್ಲಿಂದ ಕೋಸ್ಟರೀಕಾದ ಪೆಸಿಫಿಕ್ ತಗ್ಗು, ಮತ್ತೆ ಬೆಟ್ಟ. ಇದರ ಹೆಸರಿನಲ್ಲೇ ಈಗ ಮೊಂತೆವೆರ್ದೆಯಿಂದ ಸಮುದ್ರದಂಚಿನ ಕಾಂಡ್ಲಾ ಕಾಡಿನವರೆಗೆ ಸುಮಾರು 66,000 ಹೆಕ್ಟೇರಿನ ಜೈವಿಕ ಹಾದಿಯೊಂದನ್ನು ಗುರುತಿಸಿದ್ದಾರೆ. ಮಕ್ಕಳ ಕಾಡಿನ ಸುಮಾರು ಮೂರರಷ್ಟು. ಕಾಫಿ ತೋಟ, ದನದ ಹುಲ್ಲುಗಾವಲು, ಊರುಗಳ ನಡುವೆ ಉಳಿದಿರುವ ಕಾಡಿನ ಚೂರುಗಳನ್ನು ಮರ ನೆಟ್ಟು ಒಂದಕ್ಕೊಂದು ಸೇರಿಸುವ ಕೆಲಸ ಅದು. ಈ ಸಲ ಜಮೀನು ಮಾರಾಟಕ್ಕಿಲ್ಲ. ಒಬ್ಬೊಬ್ಬ ರೈತನ ಮನೆಗೂ ಹೋಗಿ, ಬೇಲಿಯುದ್ದಕ್ಕೆ ಒಂದು ಸಾಲು ಮರಕ್ಕೆ ಜಾಗ ಬಿಡಿ ಎಂದು ಕೇಳಬೇಕು.